ಚೆಲುವಯ್ಯನ ಎಡೆ

ನನ್ನ ಗಂಡನ ತಂದೆ ಪುಟ್ಟಣ್ಣನವರು ಮೂರು ತಿಂಗಳಿಗೆಂದು ಮಂಡ್ಯದಿಂದ ಪರದೇಶದ ಪುಚೊಂಗ್‌ನ ನಮ್ಮ ಮನೆಗೆ ಬಂದು, ಲಾಕ್‌ಡೌನ್‌ನಲ್ಲಿ ಸಿಕ್ಕಿ ಒಂದೂವರೆ ವರ್ಷ ಉಳಿದವರು. ಮಗುವಿನಂಥ ಮನುಷ್ಯ, ಚೀನಾದ ಮಾತು ಬಂದರೆ ಮಾತ್ರ ಕೆಂಡ. ಗಲ್ವಾನ್ ಸುದ್ದಿ ಬಂದ ದಿನ ಚೀನಾದಲ್ಲಿ ತಯಾರಾದ ನನ್ನ ಫ್ಲಾಸ್ಕನ್ನು ಕಪಾಟಿನ ಮೇಲೇರಿಸಿದರು. ಭಾರತ, ಅಮೆರಿಕ, ಜಪಾನ್, ಆಸ್ಟ್ರೇಲಿಯಾ ಒಟ್ಟಾಗಿ ಮಾತಾಡಿದವು ಎಂದು ಟೀವಿಯಲ್ಲಿ ಹೇಳಿದಾಗ ಖುಷಿಗೆ ಎರಡನೇ ಲೋಟ ಕಾಫಿ ಕೇಳಿದರು. ಗಡಿಯಲ್ಲಿ ಗುದ್ದುವುದು, ಊರೂರಿಗೆ ಲಸಿಕೆ ಹಂಚುವುದು, ಇಷ್ಟೇ ಚೀನಾದ ವಿದೇಶಾಂಗ ನೀತಿ ಎಂಬುದು ಅವರ ತೀರ್ಪು.

ಆ ಲಸಿಕೆಯೇ ನಮಗೆ ತಲೆನೋವಾಯಿತು. 2021ರ ಆಗಸ್ಟ್. ಮಾವನಿಗೆ ಉಬ್ಬಸ, ನಮ್ಮ ಬೀದಿಯಲ್ಲೇ ಇಬ್ಬರು ತೀರಿಕೊಂಡಿದ್ದರು. ಹತ್ತಿರದ ಕೇಂದ್ರದಲ್ಲಿ ಕೊಡುತ್ತಿದ್ದುದು ಚೀನಾದ ಲಸಿಕೆ. ಬೇರೆಯದನ್ನು ಆರಿಸಿಕೊಳ್ಳುವ ಹಾಗಿರಲಿಲ್ಲ. ನಾನು ಬೇಡಿದೆ, ರೇಗಿದೆ, ಒಂದು ದಿನ ಊಟವನ್ನೂ ಬಿಟ್ಟೆ, ಮಾವ ಒಪ್ಪಲಿಲ್ಲ. ಅವರ ಅಣ್ಣ ಚೆಲುವಯ್ಯ 1962ರ ಚೀನಾ ಯುದ್ಧದಲ್ಲಿ ಕಾಣೆಯಾದವರು. ಹೆಣ ಸಿಗಲಿಲ್ಲ. ಮಗ ಬಂದೇ ಬರುತ್ತಾನೆಂದು ಅವರ ತಾಯಿ ಸಾಯುವವರೆಗೂ ತಿಥಿ ಮಾಡಗೊಡಲಿಲ್ಲ. ಆಮೇಲೆ ಮಾವನಿಗೂ ಮನಸ್ಸು ಬರಲಿಲ್ಲ.

"ಅಣ್ಣನ್ನ ಕೊಂದೋರ ಔಷ್ದಿ ನಂಗ್ ಬ್ಯಾಡ ಕಣವ್ವ," ಎಂದರು ಮಾವ.

ಅದೇ ವಾರ ಒಂದು ಸಂಜೆ ಪಕ್ಕದ ಮನೆಯ ಫೂ ಆಂಟಿ ಗೇಟಿನ ಹೊರಗೆ ಊದುಬತ್ತಿ ಹಚ್ಚಿ ಅನ್ನ, ಕಿತ್ತಳೆ ಇಡುತ್ತಿದ್ದರು. ಅವರು ಇಲ್ಲೇ ಹುಟ್ಟಿ ಬೆಳೆದ ಚೀನೀಯರು. ಇದು ಯಾರಿಗೆಂದು ಮಾವ ನನ್ನಿಂದ ಕೇಳಿಸಿದರು. ಎಡೆ ಇಡುವವರು ಯಾರೂ ಇಲ್ಲದ ಜೀವಗಳಿಗೆ, ಈ ತಿಂಗಳು ಅವು ಹಸಿದು ಬರುತ್ತವೆ ಎಂದರು ಆಂಟಿ. ಮಾವ ನನ್ನ ಕಡೆ ತಿರುಗಿ, ಅವರಿಗೆ ಅಣ್ಣನ ವಿಷಯ ಹೇಳು ಎಂದರು. ಯಾವ ದೇಶದ ಜೊತೆಗಿನ ಯುದ್ಧ ಎಂದು ಹೇಳುವುದೋ ಬಿಡುವುದೋ, ನನಗೆ ಪೀಕಲಾಟ. ಕೊನೆಗೆ ಹೇಳಿಬಿಟ್ಟೆ. ಆಂಟಿ ಒಳಗೆ ಹೋಗಿ ಒಂದು ಖಾಲಿ ಬಟ್ಟಲು ತಂದು ಅನ್ನದ ಪಕ್ಕ ಇಟ್ಟರು.

"ಅಂಕಲ್, ಯುವರ್ ಬ್ರದರ್ ಲೈಕ್ ಟು ಮಕಾನ್ ವಾಟ್?"

ತಿನ್ನಲು ಅವರಿಗೇನಿಷ್ಟ ಎಂದು ನಾನು ಕನ್ನಡದಲ್ಲಿ ಹೇಳುವಷ್ಟರಲ್ಲಿ ಮಾವನ ಕಣ್ಣು ತುಂಬಿತ್ತು. ರಾಗಿ ಮುದ್ದೆ ಎಂದರು, ಮಾಡಿಕೊಟ್ಟೆ. ಸುಮಾರು ಅರವತ್ತು ವರ್ಷಗಳಲ್ಲಿ ಮೊದಲ ಸಲ ಅಣ್ಣನಿಗೆ ಎಡೆ ಇಟ್ಟು, ಆ ಹಿರಿಯ ಜೀವ ಬೀದಿಯಲ್ಲೇ ಕೂತು ಅತ್ತಿತು. ನಾನೂ ಅತ್ತೆ.

ಮರುದಿನ ಬೆಳಿಗ್ಗೆ ನಾನು ಕರೆಯುವ ಮೊದಲೇ ಮಾವ ಮಾಸ್ಕ್ ಹಾಕಿಕೊಂಡು ಕಾರಿನ ಹತ್ತಿರ ನಿಂತಿದ್ದರು. ಸೂಜಿ ಚುಚ್ಚಿಸಿಕೊಂಡು ವಾಪಸ್ ಬರುವಾಗ ತೋಳು ಸವರಿಕೊಳ್ಳುತ್ತ ಹೇಳಿದರು:

"ಯುದ್ದದಲ್ಲಿ ಆ ಕಡೆ ಐಕ್ಳೂ ಎಷ್ಟೋ ಜನ ಮನೆಗ್ ಹೋಗಿರಕಿಲ್ಲ ಕಣವ್ವ. ಇವತ್ತು ಎರಡು ಮುದ್ದೆ ಮಾಡು."