ಕಡ್ಡಿ ಕಿತ್ತ ಸಂಜೆ

ಅಳಿಯ ಆ ವಿಷಯ ಎತ್ತಿದ್ದು ರಾತ್ರಿ ಊಟಕ್ಕೆ ಕೂತಾಗ. ನಮ್ಮ ಮನೆಯಲ್ಲಿ ಊಟ ಎಂಟಕ್ಕೆ, ಆ ಹೊತ್ತಿಗೆ ಎಲ್ಲರೂ ಸಿಗುತ್ತಾರೆ ಎಂದು ಅವನಿಗೆ ಗೊತ್ತಿತ್ತು.

"ಅತ್ತೆ, ಬಣಕಲ್ ಸಾಹೇಬರು ಮನೆ ಖಾಲಿ ಇದೆ, ಬಂದುಬಿಡಿ ಅಂತಿದಾರೆ. ಎಲ್ಲರೂ ಹೋಗೋಣವಾ?"

ನಾವಿದ್ದದ್ದು ದಾವಣಗೆರೆಯಲ್ಲಿ. ಅಳಿಯನಿಗೆ ಪಂಪು, ಮೋಟರು ರಿಪೇರಿಯ ಕೆಲಸ. ಮಗಳು ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಅವರಿಗೆ ಎಂಟು ವರ್ಷದ ಮಗಳು. ಕಾಫಿ ತೋಟಗಳಲ್ಲಿ ಹೂವಿಗೆ ನೀರು ಹಾರಿಸುವ ಕಾಲ ಬಂತೆಂದರೆ ಅಳಿಯ ಮೂಡಿಗೆರೆ ಕಡೆ ಹೋಗಿ ಎರಡು ಮೂರು ತಿಂಗಳು ಅಲ್ಲೇ ಉಳಿಯುತ್ತಿದ್ದ. ಸಾಹೇಬರಿಗೆ ಬಣಕಲ್‌ನ ಹೆದ್ದಾರಿ ಬದಿಯಲ್ಲಿ ಪಂಪಿನ ಅಂಗಡಿ, ಊರಿನಿಂದ ಒಳಗೆ, ದೇವರಮನೆ ರಸ್ತೆಯಲ್ಲಿ ಸಣ್ಣ ಕಾಫಿ ತೋಟ. ಅಂಗಡಿಯ ರಿಪೇರಿ ಕೆಲಸವನ್ನೂ ತೋಟದ ಮೇಲ್ವಿಚಾರಣೆಯನ್ನೂ ನೋಡಿಕೊಳ್ಳಲು ವರ್ಷವಿಡೀ ಒಬ್ಬರು ಬೇಕಾಗಿದ್ದರು. ಅಳಿಯ ಹೂಂ ಅನ್ನುವವನೇ. ಆದರೆ ಮಗಳು ಒಂದು ಷರತ್ತು ಹಾಕಿದ್ದಳು: ಅಮ್ಮ ಒಪ್ಪಿದರೆ ಎಲ್ಲರೂ, ಒಪ್ಪದಿದ್ದರೆ ಅವನೊಬ್ಬನೇ.

ಹಾಗಾಗಿ ಒಂದು ಸಂಸಾರ ಒಂದೇ ಕಡೆ ಇರಬೇಕೋ ಎರಡು ಕಡೆ ಇರಬೇಕೋ ಎನ್ನುವುದು ನನ್ನ ಮಾತಿಗೆ ಬಂದು ನಿಂತಿತು.

ನಾನು ಬಹುಕಾಲ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಕೊನೆಯ ವರ್ಷಗಳಲ್ಲಿ ಹೆರಿಗೆ ವಾರ್ಡಿನ ಹೊಣೆ ನನ್ನದಾಗಿತ್ತು. ನಿವೃತ್ತಿಯಾದ ಮೇಲೂ ಐದಕ್ಕೆ ಏಳುತ್ತೇನೆ, ಹಾಸಿಗೆಯ ಮೇಲುಹಾಸಿನ ಮೂಲೆ ಮಡಚದೆ ಕೋಣೆಯಿಂದ ಹೊರಗೆ ಕಾಲಿಡುವುದಿಲ್ಲ. ಮೊಮ್ಮಗಳಿಗೆ ನೀರು ಹಾಕುವುದು, ಜಡೆ ಹೆಣೆಯುವುದು, ಶಾಲೆಯ ವ್ಯಾನಿಗೆ ಐದು ನಿಮಿಷ ಮೊದಲೇ ಗೇಟಿನಲ್ಲಿ ನಿಲ್ಲಿಸುವುದು ಎಲ್ಲ ನನ್ನದು. ಅವಳು ಒಂದನೇ ತರಗತಿಯಿಂದ ಒಂದು ದಿನವೂ ಶಾಲೆ ತಪ್ಪಿಸಿರಲಿಲ್ಲ. ತಪ್ಪಿಸಲು ನಾನು ಬಿಟ್ಟಿರಲಿಲ್ಲ.

"ನೋಡದೆ ಹೇಳಲಾರೆ," ಎಂದೆ. "ಕ್ರಿಸ್‌ಮಸ್ ರಜೆ ಎಂಟು ದಿನ ಇದೆ. ಹೋಗಿ ಇದ್ದು ನೋಡೋಣ. ಎಂಟನೇ ದಿನ ಹೇಳ್ತೀನಿ."

ಇನ್ನೂರು ಪುಟದ ಒಂದು ನೋಟ್‌ಬುಕ್ಕನ್ನೂ ಕೈಗಡಿಯಾರವನ್ನೂ ಇಟ್ಟುಕೊಂಡು ಹೊರಟೆ.

ಮನೆ ಚಿಕ್ಕದಾದರೂ ಗಟ್ಟಿ. ಎದುರಿಗೆ ಕಾಫಿ ಒಣಗಿಸುವ ಸಿಮೆಂಟಿನ ಕಣ, ಅದರಾಚೆ ನೆರಳಿಗೆ ಬೆಳೆಸಿದ ಸಿಲ್ವರ್ ಮರಗಳ ಕೆಳಗೆ ತೋಟ. ಮೊದಲ ಮೂರು ದಿನ ನಾನು ಲೆಕ್ಕ ಹಾಕುತ್ತ ಓಡಾಡಿದೆ. ಮನೆಯಿಂದ ಬಸ್ಸಿನ ದಾರಿಗೆ ನಡೆದರೆ ಹದಿನೆಂಟು ನಿಮಿಷ. ಮೂಡಿಗೆರೆ ಆಸ್ಪತ್ರೆಗೆ ಆಟೋದಲ್ಲಿ ನಲವತ್ತು, ಮಳೆಗಾಲದಲ್ಲಿ ಮರ ಬಿದ್ದರೆ ಎಷ್ಟೆಂದು ಆಟೋದವನೂ ಹೇಳಲಿಲ್ಲ. ಶಾಲೆ ಚೆನ್ನಾಗಿತ್ತು, ಶೌಚಾಲಯಕ್ಕೆ ಚಿಲಕವೂ ನೀರೂ ಇತ್ತು, ಅದನ್ನು ನಾನೇ ಹೋಗಿ ನೋಡಿದೆ. ಕರೆಂಟಿನ ವಿಷಯ ಕೇಳಿದರೆ ಜನ ನಕ್ಕರು. ಆನೆಯ ವಿಷಯಕ್ಕೆ ನಗಲಿಲ್ಲ. ಯಾವ ತೋಟದಲ್ಲಿ ಆನೆ ಇದೆ ಎಂದು ಬೆಳಿಗ್ಗೆ ಮೊಬೈಲಿಗೆ ಸಂದೇಶ ಬರುತ್ತದೆ. ಅದನ್ನು ನೋಡಿಕೊಂಡೇ ಮಕ್ಕಳನ್ನು ಶಾಲೆಗೆ ಕಳಿಸುತ್ತಾರೆ, ಆಳುಗಳು ಯಾವ ಕಡೆಯಿಂದ ಹಣ್ಣು ಕೊಯ್ಯಬೇಕೆಂದು ಗೊತ್ತುಮಾಡುತ್ತಾರೆ. ಪುಟದ ನಡುವೆ ಗೆರೆ ಎಳೆದು ಒಂದು ಕಡೆ 'ಬೇಕು', ಇನ್ನೊಂದು ಕಡೆ 'ಬೇಡ' ಎಂದು ಬರೆದಿದ್ದೆ. ಬೇಡದ ಕಡೆ ಬೇಗ ತುಂಬುತ್ತಿತ್ತು.

ನಾಲ್ಕನೆಯ ದಿನ ಅದರಡಿಯಲ್ಲಿ 'ಶಿಸ್ತಿಲ್ಲ' ಎಂದೂ ಸೇರಿಸಿದೆ. ಕಾರಣ ಆ ಕಣ.

ಕಣ ನೋಡಿಕೊಳ್ಳುತ್ತಿದ್ದದ್ದು ಹೆಚ್ಚುಕಡಿಮೆ ನನ್ನ ವಯಸ್ಸಿನ ಒಬ್ಬ ಹೆಂಗಸು. ತೋಟದವರೆಲ್ಲ ಕಣದಕ್ಕ ಎನ್ನುತ್ತಿದ್ದರು. ಕೊಯ್ದ ಹಣ್ಣಿನ ಸಿಪ್ಪೆ ತೆಗೆದು, ತೊಳೆದು, ಬೀಜವನ್ನು ಅವಳ ವಶಕ್ಕೆ ಕೊಡುತ್ತಾರೆ. ಹೊಟ್ಟಿನೊಳಗೇ ಇರುವ ಆ ಬೀಜಕ್ಕೆ ಪಾರ್ಚ್‌ಮೆಂಟ್ ಎನ್ನುತ್ತಾರೆ. ಹಗಲು ಹರಡಿ, ಉದ್ದ ಹಿಡಿಯ ಮರದ ಹಲಗೆಯಲ್ಲಿ ತಿರುವಿ, ಸಂಜೆ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚುವುದು ಅವಳ ಕೆಲಸ. ಆದರೆ ಗುಡ್ಡೆಗಳು ಎಲ್ಲೆಂದರಲ್ಲಿ! ಒಂದು ಮೂಲೆಯಲ್ಲಿ ದೊಡ್ಡದು, ನಡುವೆ ಸಣ್ಣದು, ಮೆಟ್ಟಿಲ ಹತ್ತಿರ ಇನ್ನೊಂದು. ಮೇಲೆ ಕಸಕಡ್ಡಿ.

"ಎಲ್ಲ ಒಂದು ಸಾಲಲ್ಲಿ ಹಾಕಿದರೆ ಓಡಾಡೋಕೆ ಜಾಗ ಆಗುತ್ತಲ್ಲ?" ಎಂದು ಒಮ್ಮೆ ಹೇಳಿದೆ.

"ಹೌದಾ ಅಮ್ಮಾವ್ರೇ?" ಎಂದಳು, ತಲೆ ಎತ್ತದೆ. "ಬಿಸಿಲು ಸಾಲಲ್ಲಿ ಬರುದಿಲ್ಲಲ್ಲ."

ಮಗಳು ಒಳಗಿನಿಂದ, "ಅಮ್ಮ, ಇದು ನಿನ್ನ ವಾರ್ಡಲ್ಲ," ಎಂದಳು. ನಾನು ಒಳಗೆ ಬಂದೆ, ಆದರೆ ಒಪ್ಪಲಿಲ್ಲ.

ಅಂದು ಸಂಜೆ ನಾಲ್ಕೂವರೆಗೆ ದೇವರಮನೆ ಗುಡ್ಡದ ಕಡೆಯಿಂದ ಮೋಡ ಕಪ್ಪಾಗಿ ಎದ್ದಿತು. ಆ ಕಾಲದಲ್ಲಿ ಮಳೆ ಬರಬಾರದು, ಈಚೆಗೆ ಅದು ಕಾಲ ಕೇಳುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಕಣದಕ್ಕ ಗುಡ್ಡೆ ಮಾಡಿಟ್ಟು, ಕೊಯ್ದ ಹಣ್ಣು ಅಳೆಯುವ ಜಾಗಕ್ಕೆ ಹೋಗಿದ್ದಳು. ಟಾರ್ಪಾಲು ಇನ್ನೂ ಮುಚ್ಚಿರಲಿಲ್ಲ. ನಾನೂ ಮೊಮ್ಮಗಳೂ ಓಡಿದೆವು. ಕೈಗೆ ಸಿಕ್ಕಿದ್ದು ಒಂದು ದೊಡ್ಡ ಟಾರ್ಪಾಲು. ಗುಡ್ಡೆಗಳು ಮೂರು. ಹಲಗೆ ಹಿಡಿದು ಮೂರನ್ನೂ ಎಳೆದು ಒಂದು ಮಾಡಿದೆ. ಮೊಮ್ಮಗಳು ಮೇಲಿದ್ದ ಕಡ್ಡಿಗಳನ್ನೆಲ್ಲ ಆರಿಸಿದಳು. ಮುಚ್ಚಿ, ಮೂಲೆಗಳನ್ನು ಆಸ್ಪತ್ರೆಯ ಹಾಸಿಗೆಯ ಹಾಗೆ ಒಳಕ್ಕೆ ಮಡಚಿ, ನಾಲ್ಕು ಕಲ್ಲು ಹೇರಿದೆವು. ಕಡ್ಡಿಗಳನ್ನು ಬಚ್ಚಲ ಒಲೆಗೆ ಹಾಕಿದೆ. ನಾಲ್ಕು ಹನಿ ಬಿದ್ದು ಮೋಡ ಆಚೆ ಹೋಯಿತು. ಕತ್ತಲಾದ ಮೇಲೆ ಬಂದ ಕಣದಕ್ಕ, ಮುಚ್ಚಿದೆ ಎಂದು ದೂರದಿಂದಲೇ ನೋಡಿಕೊಂಡು ಮನೆಗೆ ಹೋದಳು. ಅಂದು ನನಗೆ ಬಂದ ನಿದ್ದೆ ಬಹಳ ಚೆನ್ನಾಗಿತ್ತು.

ಬೆಳಿಗ್ಗೆ ಕಣದಕ್ಕ ಟಾರ್ಪಾಲು ಎತ್ತಿ ಹಾಗೇ ನಿಂತಳು. ನಾನು ಕಾಫಿ ಲೋಟ ಹಿಡಿದು ಹೊರಬಂದೆ.

"ಇದು ಯಾರು ಮಾಡಿದ್ದು?"

"ನಾನೇ. ಮೋಡ ಬಂತಲ್ಲ."

"ಮೂರೂ ಸೇರ್ಸಿದ್ರಾ?"

"ಹೂಂ. ಒಂದೇ ಹೊದಿಕೆ ಸಾಕಾಯ್ತು."

"ಕಡ್ಡಿ ಎಂತ ಮಾಡಿದ್ರಿ?"

"ಕಸ ಅಂತ ಬಚ್ಚಲ ಒಲೆಗೆ ಹಾಕಿದೆ."

ಅವಳು ಕಣದ ಅಂಚಿನಲ್ಲಿ ಕೂತುಬಿಟ್ಟಳು. "ಅಮ್ಮಾವ್ರೇ, ನಿಮ್ಮ ಆಸ್ಪತ್ರೇಲಿ ನಿನ್ನೆ ಹೆತ್ತವಳನ್ನೂ ವಾರದ ಹಿಂದೆ ಹೆತ್ತವಳನ್ನೂ ಒಂದೇ ಮಂಚಕ್ಕೆ ಹಾಕಿ, ಚೀಟಿ ಹರಿದು ಒಲೆಗೆ ಹಾಕ್ತಿದ್ರಾ?"

ಆಮೇಲೆ ಬಿಡಿಸಿ ಹೇಳಿದಳು. ಗುಡ್ಡೆಯ ಮೇಲಿನ ಒಂದು ಕಡ್ಡಿ ಎಂದರೆ ಬಿಸಿಲು ಕಂಡ ಒಂದು ದಿನ. ಮೆಟ್ಟಿಲ ಹತ್ತಿರದ್ದಕ್ಕೆ ಎರಡು ಕಡ್ಡಿ, ನಡುವಿನದಕ್ಕೆ ನಾಲ್ಕು, ಮೂಲೆಯದಕ್ಕೆ ಏಳು. ಹೆಚ್ಚು ದಿನದ್ದು ಬಿಸಿಲು ಕಡಿಮೆ ಬೀಳುವ ಮೂಲೆಗೆ, ಹಸಿಯದು ಬಿಸಿಲಿನ ಜಾಗಕ್ಕೆ. ಅವಳಿಗೆ ಓದು ಬರಹ ಇಲ್ಲ. ಒಂದು ವರ್ಷ ಜ್ವರ ಬಂದು ನಾಲ್ಕು ದಿನ ಮಲಗಿದಾಗ, ಯಾರು ಬಂದರೂ ಕಡ್ಡಿ ಎಣಿಸಿ ಕೆಲಸ ಮುಂದುವರಿಸಿದ್ದರಂತೆ. ಮೂಲೆಯ ಗುಡ್ಡೆ ಇನ್ನೊಂದು ದಿನದಲ್ಲಿ ಚೀಲ ಸೇರಬೇಕಿತ್ತು. ಈಗ ಹಸಿಯ ಜೊತೆ ರಾತ್ರಿಯಿಡೀ ಇದ್ದು ಒಣಗಿದ್ದೂ ತೇವ ಕುಡಿದಿತ್ತು. ಅದನ್ನು ಬೇರೆ ಮಾಡಲು ಯಾರಿಂದಲೂ ಆಗುವುದಿಲ್ಲ.

ನಾನು ಅಷ್ಟು ವರ್ಷ ಹೊಸ ನರ್ಸುಗಳಿಗೆ ಮೊದಲ ದಿನ ಹೇಳುತ್ತಿದ್ದದ್ದು ಒಂದೇ ಮಾತು: ಮಂಚದ ಚೀಟಿ ಓದದೆ ರೋಗಿಯನ್ನು ಮುಟ್ಟಬೇಡಿ.

ಅಳಿಯ ಬಂದು ನೋಡಿದ. ಮುಖ ಸಣ್ಣದಾಯಿತು. ಅವನ ಕೆಲಸಕ್ಕೇ ಕಲ್ಲು ಹಾಕಿದೆನಲ್ಲ ಎನ್ನಿಸಿತು. ನಾನು ಬೇಡ ಎಂದು ಹೇಳುವುದು ಬೇರೆ, ಸಾಹೇಬರೇ ನಮ್ಮನ್ನು ಬೇಡ ಅನ್ನುವ ಹಾಗೆ ಮಾಡಿಬಿಡುವುದು ಬೇರೆ. ಸಾಹೇಬರು ಒಂಬತ್ತಕ್ಕೆ ಸ್ಕೂಟರಿನಲ್ಲಿ ಬಂದರು. ನಾನೇ ಮುಂದೆ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ.

ಅವರು ಬಗ್ಗಿ ನಾಲ್ಕು ಬೀಜ ತೆಗೆದು, ಹೊಟ್ಟು ಬಿಡಿಸಿ, ಒಂದೊಂದಾಗಿ ಕಚ್ಚಿ ನೋಡಿದರು. "ಕೇಳಿ ಮಾಡ್ಬೇಕಿತ್ತು ಸಿಸ್ಟರ್," ಎಂದರು.

"ಹೌದು. ಕೇಳಬೇಕಿತ್ತು."

"ಮೋಡ ನೋಡಿ ಓಡಿ ಬಂದ್ರಲ್ಲ, ಅದೊಂದು ಸರಿ. ಅದನ್ನ ಹೇಳಿಕೊಟ್ರೂ ಕೆಲವರಿಗೆ ಬರುದಿಲ್ಲ." ಆಮೇಲೆ ಕಣದಕ್ಕನ ಕಡೆ ತಿರುಗಿದರು. "ಈಗ ದಾರಿ ಎಂತ?"

"ತೆಳ್ಳಗೆ ಹರಡಿ ಅರ್ಧ ಗಂಟೆಗೊಂದು ಸಲ ತಿರುವ್ತಾ ಇರ್ಬೇಕು. ಮಧ್ಯಾಹ್ನದ ಉರಿಬಿಸಿಲಿಗೆ ಮುಚ್ಬೇಕು, ಇಲ್ಲದಿದ್ರೆ ಒಣಗಿದ್ದು ಸೀಳ್ತದೆ. ಎಲ್ಲ ಒಂದೇ ಹದಕ್ಕೆ ಬರೋವರೆಗೂ ಹೀಗೇ. ಆದ್ರೆ ಜನ ಎಲ್ಲಿದಾರೆ? ಹಣ್ಣು ಉದುರ್ತಾ ಉಂಟು, ಎಲ್ಲ ಕೊಯ್ಲಿಗೆ ಹೋಗಿದಾರೆ. ಹೊಸ ಬೀಜ ಬೇರೆ ದಿನಾ ಬರ್ತದೆ, ನಾನೊಬ್ಳೇ ಎಷ್ಟು ಕಡೆ ತಿರುವ್ಲಿ?"

"ಅರ್ಧ ಗಂಟೆಗೊಂದು ಸಲ ಅಂದರೆ ನನಗೆ ಬಿಡಿ," ಎಂದೆ.

ಕಣದಕ್ಕ ನನ್ನ ಕೈಗಡಿಯಾರ ನೋಡಿದಳು. "ಆ ಡಬ್ಬಿ ನೋಡ್ಕೊಂಡು ತಿರುವ್ತೀರಾ?"

"ತಪ್ಪಿದರೆ ಆಗ ಬಯ್ಯಿ."

ಅಂದಿನಿಂದ ನನ್ನ ನೋಟ್‌ಬುಕ್ಕಿನಲ್ಲಿ ಬೇಕು ಬೇಡ ನಿಂತುಹೋಯಿತು. ಎಂಟೂವರೆ, ಒಂಬತ್ತು, ಒಂಬತ್ತೂವರೆ ಎಂದು ಗೆರೆ ಹಾಕಿ, ತಿರುವಿದಾಗೆಲ್ಲ ಒಂದು ಗುರುತು. ಹಲಗೆಯನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಎಳೆಯಬೇಕು, ಬೀಜಕ್ಕೆ ಕಾಲು ತಾಗಬಾರದು. ಮೊದಲ ದಿನ ಭುಜ ಎತ್ತಲಾಗಲಿಲ್ಲ. ಎರಡನೆಯ ದಿನ ಎತ್ತಲಾಯಿತು. ಮಗಳು ಕೊಯ್ಲಿನ ಹೆಂಗಸರ ಜೊತೆ ಹೋಗಿ ಸಂಜೆ ನಗುತ್ತ ಬರುತ್ತಿದ್ದಳು, ಅವಳ ನಗು ಅಷ್ಟು ಗಟ್ಟಿಯಾಗಿ ಕೇಳಿ ಬಹಳ ದಿನವಾಗಿತ್ತು. ಅಳಿಯ ಮಧ್ಯಾಹ್ನ ಸಾಹೇಬರ ಅಂಗಡಿಯಿಂದ ಊಟಕ್ಕೆ ಮನೆಗೇ ಬರುತ್ತಿದ್ದ. ಮೊಮ್ಮಗಳ ಕೆಲಸ ಕಚ್ಚುವುದು. ಬೀಜದ ಮೇಲೆ ಹಲ್ಲಿನ ಗುರುತು ಬಿದ್ದರೆ ಹಸಿ, ಟಕ್ ಎಂದು ಒಡೆದರೆ ಹದ. ಕಣದಕ್ಕ ಅವಳಿಗೆ ಅದನ್ನು ಕಲಿಸಿ, "ನಿನ್ನ ಅಜ್ಜಿಗಿಂತ ನಿನ್ನ ಹಲ್ಲು ಬುದ್ಧಿವಂತ," ಎಂದಳು. ನನ್ನ ಎದುರಿಗೇ.

ಎಂಟನೆಯ ದಿನ ಬೆಳಿಗ್ಗೆ ಚೀಲಗಳು ಜಗಲಿಯ ಮೇಲೆ ಬಂದವು. ಏಳೂ ನಲವತ್ತಕ್ಕೆ ಬಸ್ಸು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನು ಮೊಮ್ಮಗಳನ್ನು ಕಣಕ್ಕೆ ಕಳಿಸಿದೆ.

"ಅಜ್ಜಿ, ಇನ್ನೂ ಹಲ್ಲು ಊರ್ತದೆ!"

ಹೊದಿಕೆಯ ಮೇಲೆ ಇಬ್ಬನಿ ನಿಂತಿತ್ತು. ಬಸ್ಸು ಹತ್ತಿದರೆ ಎಂಟೂವರೆಗೆ ತಿರುವುವವರು ಯಾರು ಎಂದು ಯೋಚಿಸಿದೆ. ಕಣದಕ್ಕ ಹೇಗೋ ಮಾಡಿಕೊಳ್ಳುತ್ತಿದ್ದಳು, ಸಂಶಯವಿಲ್ಲ. ಆದರೆ ಅದು ನಾನು ಕೆಡಿಸಿದ ಗುಡ್ಡೆ, ಅರ್ಧ ಗುಣವಾಗಿತ್ತು.

"ಚೀಲ ಒಳಗಿಡಿ," ಎಂದೆ.

ಮಗಳು ಬಾಯಿ ಬಿಟ್ಟುಕೊಂಡು ನೋಡಿದಳು. "ನಾಳೆ ಶಾಲೆ ಶುರು. ನಿನಗೂ ಗೊತ್ತು."

"ಎರಡು ದಿನ ರಜೆ ಹಾಕಿ, ನೀನೂ ಅವಳೂ. ಅವಳ ಅರ್ಜಿ ನಾನೇ ಬರೀತೀನಿ."

"ನೂರೊಂದು ಜ್ವರ ಇಳಿದ ಮಾರನೇ ದಿನವೇ ನನ್ನನ್ನ ಶಾಲೆಗೆ ಕಳಿಸಿದವಳು ನೀನು!"

"ಆವತ್ತು ಕಣ ಇರಲಿಲ್ಲ," ಎಂದೆ. ಅಳಿಯ ಮುಖ ತಿರುಗಿಸಿ ನಕ್ಕ.

ಆ ಎರಡು ದಿನ ಹಲಗೆ ಎಳೆಯುತ್ತ ನನ್ನನ್ನೇ ನೇರವಾಗಿ ಕೇಳಿಕೊಂಡೆ. ಆಸ್ಪತ್ರೆಗೆ ನಲವತ್ತು ನಿಮಿಷ ಈಗಲೂ ನಲವತ್ತೇ. ಆನೆ ಆನೆಯೇ. ಜೂನ್ ತಿಂಗಳಲ್ಲಿ ಕರೆಂಟು ಇರುವುದಿಲ್ಲ. ಅವಕ್ಕೆಲ್ಲ ತಯಾರಿ ಮಾಡಿಕೊಳ್ಳಬಹುದು, ಔಷಧದ ಪೆಟ್ಟಿಗೆ, ಟಾರ್ಚು, ಆಟೋದವನ ನಂಬರು. ನನಗಿದ್ದ ಭಯವನ್ನು ನೋಟ್‌ಬುಕ್ಕಿನಲ್ಲಿ ಎಲ್ಲೂ ಬರೆದಿರಲಿಲ್ಲ. ಮೊಮ್ಮಗಳು ಬೆಳೆದು ಜಡೆ ತಾನೇ ಹೆಣೆದುಕೊಳ್ಳುವ ಹೊತ್ತಿಗೆ, ಗುರುತಿಲ್ಲದ ಊರಿನಲ್ಲಿ ಒಂದು ಕುರ್ಚಿಯ ಮೇಲೆ ಕೂತಿರುವವಳಾಗಿಬಿಡುತ್ತೇನಾ ಎನ್ನುವ ಭಯ. ಇಲ್ಲಿ ಕುರ್ಚಿ ಇತ್ತು. ಕೂರಲು ಪುರುಸೊತ್ತಿರಲಿಲ್ಲ.

ಹತ್ತನೆಯ ದಿನ ಮಧ್ಯಾಹ್ನ ಮೂರಕ್ಕೆ ಮೊಮ್ಮಗಳು ಕಣದ ನಾಲ್ಕೂ ಕಡೆಯಿಂದ ಬೀಜ ತೆಗೆದು ಕಚ್ಚಿದಳು. ಟಕ್. ಟಕ್. ಟಕ್. ಟಕ್. ಕಣದಕ್ಕ ತಾನೂ ಒಂದು ಕಚ್ಚಿ, ಚೀಲ ತರಲು ಹೋದಳು. ಸಾಹೇಬರು ಅಲ್ಲೇ ಇದ್ದರು. ಕೆಲವು ಬೀಜ ಸೀಳಿದ್ದವು, ಅವನ್ನು ಬೇರೆ ಇಟ್ಟು ಮನೆಯ ಪುಡಿಗೆ ಹುರಿದುಕೊಳ್ಳಿ ಎಂದರು.

"ಹಾಗಾದರೆ ನಾವು ಏಪ್ರಿಲ್‌ನಲ್ಲಿ ಬರ್ತೀವಿ," ಎಂದೆ. "ಪರೀಕ್ಷೆ ಮುಗೀಲಿ. ಮಳೆಗೆ ಮೊದಲು ಸಾಮಾನು ಬರಬೇಕು."

ಅಳಿಯ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ. ಮಗಳು ಬಂದು ನನ್ನ ಹತ್ತಿರ ನಿಂತಳು, ಅಷ್ಟೇ.

"ಒಂದು ಷರತ್ತಿದೆ ಸಾಹೇಬರೇ. ಮುಂದಿನ ಕೊಯ್ಲಿಗೆ ಕಣದಲ್ಲಿ ನನಗೂ ಕೆಲಸ ಬೇಕು."

"ಅದು ನನ್ನ ಕೈಲಿಲ್ಲ ಸಿಸ್ಟರ್," ಎಂದು ಸಾಹೇಬರು ನಕ್ಕರು. "ಕಣದಕ್ಕನ್ನ ಕೇಳಿ."

ಕಣದಕ್ಕ ಚೀಲದ ಬಾಯಿ ಅಗಲಿಸಿ ಹಿಡಿದುಕೊಂಡಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಮೊದಲು ಬಂದು ಚೀಲ ಹಿಡ್ಕೊ ಮಾರಾಯ್ತಿ. ನಾ ತುಂಬ್ತೇನೆ. ಹೊಸ ಗುಡ್ಡೆಗೆ ಇವತ್ತು ಮೂರನೇ ಕಡ್ಡಿ, ಸಂಜೆ ಅದನ್ನ ನೀನೇ ಇಡು."

ನಾನು ಹೋಗಿ ಚೀಲ ಹಿಡಿದೆ.