ಸ್ವಲ್ಪ ತಡಿ, ಕರ್ತನೇ

ಹೋದ ವಾರ ಸಿದ್ಧಾರ್ಥನಗರದ ನಮ್ಮ ಮನೆಯ ಗೇಟಿಗೆ ಬಣ್ಣ ಹೊಡೆಸಿದೆ. ಪೇಂಟರು ಡಬ್ಬದ ಮುಚ್ಚಳ ಕಿತ್ತು ಒಂದಿಷ್ಟು ಟರ್ಪೆಂಟೈನ್ ಸುರಿದನೋ ಇಲ್ಲವೋ, ಆ ವಾಸನೆ ಸೀದಾ ಮೂಗಿಗೆ ನುಗ್ಗಿತು. ಕಾಫಿ ಲೋಟ ಕೈಯಲ್ಲಿ ಹಾಗೇ ಹಿಡಿದುಕೊಂಡು ನಿಂತುಬಿಟ್ಟೆ. "ಯಾಕಮ್ಮ, ತಲೆನೋವು ಬಂತಾ? ಒಳಗೆ ಹೋಗಿ, ಕಿಟಕಿ ಹಾಕ್ಕೊಳ್ಳಿ" ಅಂದ ಅವನು. ತಲೆನೋವಲ್ಲಪ್ಪ ಅಂತ ಅವನಿಗೆ ಹೇಗೆ ಹೇಳಲಿ? ಅನ್ನದ ವಾಸನೆ, ಸಾರಿನ ವಾಸನೆ ಅಂತ ಜನ ತಮ್ಮ ತಮ್ಮ ಮನೆ ನೆನೆಸಿಕೊಳ್ಳುತ್ತಾರೆ. ನನಗೆ ಮನೆ ಅಂದರೆ ಟರ್ಪೆಂಟೈನು. ದೇವರಾಜ ಮೊಹಲ್ಲಾದ ಒಂದು ಗಲ್ಲಿಯಲ್ಲಿ, ಎರಡು ಆಳು ಒಟ್ಟಿಗೆ ನಡೆದರೆ ಭುಜ ತಾಗುವಂಥ ಗಲ್ಲಿಯಲ್ಲಿ, ನಮ್ಮ ತಾತನ ಹೆಂಚಿನ ಮನೆ ಇತ್ತು. ಈಗ ಅಲ್ಲಿ ಮೂರು ಅಂತಸ್ತಿನ ಬಟ್ಟೆ ಗೋದಾಮು ಎದ್ದಿದೆ. ನಾನು ಆ ಕಡೆ ಹೋಗುವುದನ್ನೇ ಬಿಟ್ಟಿದ್ದೇನೆ.

ತಾತ ಅಂಗಡಿ ಬೋರ್ಡು ಬರೆಯುವವರು. ಪೇಂಟರ್ ಯಾಕೋಬಪ್ಪ ಅಂದರೆ ಮಾರ್ಕೆಟ್ಟಿನ ಸುತ್ತಮುತ್ತ ಗೊತ್ತಿಲ್ಲದವರಿರಲಿಲ್ಲ. ಬೆಲ್ಲದ ಮಂಡಿ, ಬಳೆ ಅಂಗಡಿ, ಊದುಬತ್ತಿ ಅಂಗಡಿ, ಯಾವ ಬೀದಿಗೆ ಹೋದರೂ ಅವರ ಅಕ್ಷರಗಳೇ ತಲೆ ಮೇಲೆ. ಕನ್ನಡದ 'ಳ' ಬರೆಯುವಾಗ ಉಸಿರು ಹಿಡಿದುಕೊಳ್ಳುತ್ತಿದ್ದರು, ನಾನೂ ಪಕ್ಕದಲ್ಲಿ ಕೂತು ಹಿಡಿದುಕೊಳ್ಳುತ್ತಿದ್ದೆ. ಆದರೆ ಅವರು ತಮಗೋಸ್ಕರ ಅಂತ ಬರೆದುಕೊಂಡಿದ್ದು ಒಂದೇ ಒಂದು. ನಡುಮನೆಯ ಗೋಡೆ ತುಂಬ ಇಳಿಬಿಟ್ಟ ದಪ್ಪ ಬಿಳಿ ಬಟ್ಟೆ, ಅದರ ಮೇಲೆ ಲೋಕದ ಇಡೀ ಚರಿತ್ರೆ. ಎಡತುದಿಯಲ್ಲಿ ಏದೆನ್ ತೋಟ, ನಡುವೆ ನೋಹನ ನಾವೆ, ಶಿಲುಬೆ, ಆಮೇಲೆ ಯುದ್ಧಗಳು, ಬರಗಳು, ಬಲತುದಿಯಲ್ಲಿ ಆಕಾಶದಿಂದ ಇಳಿದು ಬರುವ ಬಂಗಾರದ ಪಟ್ಟಣ. ಆ ಪಟ್ಟಣದ ಕೆಳಗೆ ಒಂದು ವರ್ಷ ಬರೆದಿರುತ್ತಿತ್ತು. ನಮ್ಮ ದೇವರು, ಕರ್ತನು, ಮತ್ತೆ ಭೂಮಿಗೆ ಬಂದು ತನ್ನ ರಾಜ್ಯ ಸ್ಥಾಪಿಸುವ ವರ್ಷ. ಅವತ್ತು ನಂಬಿದವರನ್ನು ಎತ್ತಿಕೊಂಡು ಹೋಗುತ್ತಾನೆ, ನಂಬದವರು ಇಲ್ಲೇ ಆಚೆ ಉಳಿಯುತ್ತಾರೆ ಅನ್ನೋರು ತಾತ. ಬೈಬಲ್ಲಿನ ದಾನಿಯೇಲನ ಗ್ರಂಥ ಇಟ್ಟುಕೊಂಡು ತಾತ ಕೂಡಿ ಕಳೆದು ಆ ವರ್ಷ ಕಂಡುಹಿಡಿಯುತ್ತಿದ್ದರು. ಆ ವರ್ಷ ಬಂದು, ಏನೂ ಆಗದೆ ಹೋದರೆ, ಬಿಳಿ ಬಣ್ಣ ಬಳಿದು ಬೇರೆ ವರ್ಷ ಬರೆಯುತ್ತಿದ್ದರು. ಹಾಗೆ ಬಳಿದು ಬಳಿದು ಆ ಮೂಲೆ ರೊಟ್ಟಿಯಷ್ಟು ದಪ್ಪವಾಗಿತ್ತು. ನಮ್ಮ ಸಭೆಯ, ಅಂದರೆ ಚರ್ಚಿನ, ಪಾದ್ರಿ ಅಯ್ಯನವರು ಮನೆಗೆ ಬಂದಾಗಲೆಲ್ಲ, "ಯಾಕೋಬಪ್ಪನವರೇ, ಆ ದಿನ, ಆ ಗಳಿಗೆ ಯಾರಿಗೂ ತಿಳಿಸಿಲ್ಲವಲ್ಲ" ಅನ್ನೋರು. ತಾತ ಬ್ರಷ್ ಒರೆಸಿಕೊಳ್ಳುತ್ತಾ, "ದಿನ ಗೊತ್ತಿಲ್ಲ, ಗಳಿಗೆ ಗೊತ್ತಿಲ್ಲ ಅಯ್ಯನೋರೇ. ವರ್ಷ ಗೊತ್ತಾಗಲ್ಲ ಅಂತ ಎಲ್ಲಿದೆ ತೋರ್ಸಿ" ಅನ್ನೋರು. ಪಾಪ, ಅಯ್ಯನವರು ಕಾಫಿ ಕುಡಿದು ಎದ್ದು ಹೋಗುತ್ತಿದ್ದರು.

ಅಷ್ಟೆಲ್ಲ ಬೋರ್ಡು ಬರೆದ ತಾತ, ಮೂರು ಬೀದಿ ಆಚೆ ಇದ್ದ ಸ್ವಂತ ಮಗನ ಅಂಗಡಿಗೆ ಮಾತ್ರ ಬರೆದಿರಲಿಲ್ಲ. ಸ್ಯಾಮಿ ಚಿಕ್ಕಪ್ಪ, ಅಂದರೆ ನಮ್ಮಪ್ಪನ ತಮ್ಮ, ಅಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ. ರಾತ್ರಿ ಮಲಗುವುದೂ ಅಲ್ಲೇ. ನಮ್ಮ ಮನೆ ಹೊಸ್ತಿಲು ತುಳಿಯುತ್ತಿರಲಿಲ್ಲ. ಯಾಕೆ ಅಂತ ಅಜ್ಜಿ ನನಗೆ ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತಾ ಹೇಳಿದಳು. ಚಿಕ್ಕಪ್ಪ ಹತ್ತನೇ ಕ್ಲಾಸಿನಲ್ಲಿದ್ದಾಗ, ಪರೀಕ್ಷೆಗೆ ಮುಂಚೆಯೇ ಕರ್ತನು ಬರುತ್ತಾನೆ ಅಂತ ತಾತನ ಲೆಕ್ಕ ತೋರಿಸಿತ್ತಂತೆ. ಹುಡುಗ ಅಪ್ಪನಿಗಿಂತ ಹೆಚ್ಚು ನಂಬಿಬಿಟ್ಟ. ಪರೀಕ್ಷೆಗೆ ಅರ್ಜಿ ಹಾಕಲಿಲ್ಲ, ಪುಸ್ತಕಗಳನ್ನೆಲ್ಲ ಸ್ನೇಹಿತರಿಗೆ ಹಂಚಿದ. ಪರೀಕ್ಷೆಯ ದಿನವೂ ಬಂತು. ಒಗೆದ ಬಿಳಿ ಅಂಗಿ ಹಾಕಿಕೊಂಡು ಜಗಲಿ ಮೇಲೆ ಆಕಾಶ ನೋಡುತ್ತಾ ಕೂತಿದ್ದ ಹುಡುಗನ ಮುಂದೆ, ಅವನ ಪುಸ್ತಕ ಓದಿಕೊಂಡವರೇ ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಪರೀಕ್ಷೆಗೆ ನಡೆದು ಹೋದರು. "ಏನೋ ಸ್ಯಾಮಿ, ನಿಮ್ಮ ದೇವ್ರು ಬಸ್ ಮಿಸ್ ಮಾಡ್ಕೊಂಡ್ನಾ?" ಅಂತ ನಕ್ಕರಂತೆ. ತಾತ ಅವತ್ತು ಒಂದು ಮಾತಾದರೂ ಆಡಬೇಕಿತ್ತು. ಆಡಲಿಲ್ಲ. ಬಿಳಿ ಬಣ್ಣದ ಡಬ್ಬ ತೆಗೆದು ಬೇರೆ ವರ್ಷ ಬರೆಯುತ್ತಾ ಕೂತರು. ಚಿಕ್ಕಪ್ಪ ಆ ಅಂಗಿಯಲ್ಲೇ ಎದ್ದು ಹೋದವನು ಮನೆಗೂ ಬರಲಿಲ್ಲ, ಸಭೆಗೂ ಬರಲಿಲ್ಲ.

ನಮ್ಮ ಮನೆಯಲ್ಲಿ ದಿನಾ ಸಂಜೆ ಏಳಕ್ಕೆ ಪ್ರಾರ್ಥನೆ. ಚಾಪೆ ಹಾಸಿ, ಆ ಬಟ್ಟೆಯ ಎದುರು ಎಲ್ಲರೂ ಮೊಣಕಾಲೂರಬೇಕು. ತಾತನ ಪ್ರಾರ್ಥನೆ ಎಷ್ಟು ಉದ್ದ ಅಂದರೆ ಅಪ್ಪ ಎಷ್ಟೋ ಸಲ ತೂಕಡಿಸಿ ಅಮ್ಮನ ಹೆಗಲ ಮೇಲೆ ಬೀಳುತ್ತಿದ್ದರು. ಕೊನೆಯ ಮಾತು ಮಾತ್ರ ಯಾವಾಗಲೂ ಒಂದೇ: "ಕರ್ತನೇ, ಬೇಗ ಬಾ." ಆಗ ಎಲ್ಲರೂ ಆಮೆನ್ ಅನ್ನಬೇಕು. ನನಗೆ ಒಂಬತ್ತು ವರ್ಷ. ದಸರಾ ಎಕ್ಸಿಬಿಷನ್ನಿನಲ್ಲಿ ದೊಡ್ಡ ಚಕ್ರ ಹತ್ತಿಸುತ್ತೀನಿ ಅಂತ ಅಪ್ಪ ಮಾತು ಕೊಟ್ಟಿದ್ದರು. ಅಷ್ಟರೊಳಗೆ ಕರ್ತನು ಬಂದುಬಿಟ್ಟರೆ ಏನು ಗತಿ? ಹಾಗಾಗಿ ಎಲ್ಲರೂ ಆಮೆನ್ ಅನ್ನುವಾಗ ನಾನು ಒಳಗೊಳಗೇ, "ಈಗ್ಲೇ ಬೇಡ, ಸ್ವಲ್ಪ ತಡಿ ಕರ್ತನೇ" ಅನ್ನುತ್ತಿದ್ದೆ. ಪಕ್ಕದಲ್ಲಿ ಮೊಣಕಾಲೂರುತ್ತಿದ್ದ ಅಜ್ಜಿಯ ಕಿವಿಗೆ ಅದು ಬಿದ್ದೇಬಿಟ್ಟಿತು. ಅಡುಗೆಮನೆಗೆ ಎಳೆದುಕೊಂಡು ಹೋಗಿ, "ಏನೇ ಅದು ಗೊಣಗಿದ್ದು?" ಅಂದಳು. ನಾನು ಅಳುತ್ತಾ ಎಲ್ಲ ಒಪ್ಪಿಕೊಂಡೆ. ಬೈಯುತ್ತಾಳೆ ಅಂದುಕೊಂಡರೆ, ಸೆರಗಿನಲ್ಲಿ ನನ್ನ ಮೂಗು ಒರೆಸಿ, ಬಾಗಿಲ ಕಡೆ ಒಂದು ಸಲ ನೋಡಿ, ತಗ್ಗಿದ ದನಿಯಲ್ಲಿ ಹೇಳಿದಳು: "ನಾನೂ ದಿನಾ ಹಂಗೇ ಕೇಳ್ಕೋತೀನಿ ಕಣೇ. ಈಗ್ಲೇ ಬಂದ್ಬಿಟ್ರೆ ಸ್ಯಾಮಿ ಆಚೇನೇ ಉಳ್ಕೋತಾನಲ್ಲ. ಅವ್ನು ಮನೆಗೆ ಬರ್ಲಿ, ಆಮೇಲೆ ಕರ್ತ ಬರ್ಲಿ. ತಾತಂಗೆ ಹೇಳ್ಬೇಡ." ಅವತ್ತಿನಿಂದ ನಾವಿಬ್ಬರೂ ಒಂದು ಪಕ್ಷ. ತಾತ ಗಟ್ಟಿಯಾಗಿ ಬಾ ಅಂತ ಕರೆಯುವುದು, ಅಜ್ಜಿ ಮೊಮ್ಮಗಳು ಮೆಲ್ಲಗೆ ತಡಿ ಅನ್ನುವುದು. ಆ ದೇವರಾದರೂ ಯಾರ ಮಾತು ಕೇಳಬೇಕು ಹೇಳಿ?

ದಸರಾ ಇನ್ನೂ ಹತ್ತು ದಿನ ಇತ್ತು. ಸ್ಕೂಲಿನಿಂದ ಬಂದೆ. ಮನೆ ಬಾಗಿಲು ಹಾರು ಹೊಡೆದಿತ್ತು. ಒಳಗೆ ಯಾರೂ ಇಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಬೆಂಕಿ ಆರಿತ್ತು. ಅರ್ಧ ಬರೆದ ಬೋರ್ಡಿನ ಮುಂದೆ ತಾತನ ಬ್ರಷ್ ನೆಲಕ್ಕೆ ಬಿದ್ದಿತ್ತು, ಬ್ರಷ್ ಯಾವತ್ತೂ ಟರ್ಪೆಂಟೈನಲ್ಲಿ ಅದ್ದದೆ ಏಳದ ಮನುಷ್ಯ. ತಾತನ ಚಪ್ಪಲಿ, ಅಜ್ಜಿಯ ಚಪ್ಪಲಿ ಬಾಗಿಲಲ್ಲೇ ಇದ್ದವು. ತೆರೆದ ಬೈಬಲ್ ಮೇಲೆ ಅಜ್ಜಿಯ ಕನ್ನಡಕ. ಅಜ್ಜೀ, ಅಜ್ಜೀ ಅಂತ ಕೂಗಿದೆ. ಹಿತ್ತಲಿಗೆ ಓಡಿದೆ. ಪಕ್ಕದ ಮನೆ ಜಯಮ್ಮನ ಬಾಗಿಲು ಬಡಿದೆ, ಅಲ್ಲೂ ಬೀಗ. ಆಗ ನನಗೆ ಖಾತ್ರಿಯಾಯಿತು. ಕರ್ತನು ಬಂದು ತನ್ನವರನ್ನೆಲ್ಲ ಎತ್ತಿಕೊಂಡು ಹೋಗಿದ್ದಾನೆ. ಕೆಲಸಕ್ಕೆ ಹೋಗಿದ್ದ ಅಪ್ಪ ಅಮ್ಮನನ್ನೂ ಅಲ್ಲಿಂದಲೇ ಎತ್ತಿಕೊಂಡಿರಬೇಕು. ತಾತನ ಲೆಕ್ಕದ ಪ್ರಕಾರ, ನಮ್ಮ ಸಭೆಗೆ ಸೇರದ ಜಯಮ್ಮ ಉಳಿಯಬೇಕಾದವರು. ಅವರನ್ನೂ ಕರೆದುಕೊಂಡಿದ್ದಾನೆ, ನನ್ನನ್ನು ಬಿಟ್ಟಿದ್ದಾನೆ. ತಡಿ ಅಂದಿದ್ದಕ್ಕೆ ಸಿಟ್ಟು ಬಂದಿದೆ. ಹಾಗಾದರೆ ಅಜ್ಜಿಯೂ ಅಂದಿದ್ದಳಲ್ಲ, ಅವಳನ್ನು ಹೇಗೆ ಕರೆದುಕೊಂಡ? ಆಗ ಒಂದೇ ಒಂದು ಹೆಸರು ಹೊಳೆಯಿತು. ಇನ್ನೊಬ್ಬರು ಉಳಿದಿರಲೇಬೇಕು. ಚೀಲ ಬೆನ್ನ ಮೇಲಿದ್ದಂತೇ ಓಡಿದೆ.

ಚಿಕ್ಕಪ್ಪ ಒಂದು ಸೈಕಲ್ ತಲೆಕೆಳಗೆ ನಿಲ್ಲಿಸಿ ಚೈನು ಹಾಕುತ್ತಿದ್ದ. "ಚಿಕ್ಕಪ್ಪಾ, ಕರ್ತ ಬಂದ್ಬಿಟ್ಟ. ಎಲ್ರೂ ಹೋದ್ರು. ನಾವಿಬ್ರೇ ಉಳ್ಕೊಂಡಿದೀವಿ" ಅಂದೆ. ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, ಮುಖ ಸುಣ್ಣ ಬಳಿದಂತಾಗಿ, "ಅಮ್ಮಾನೂ ಇಲ್ವಾ?" ಅಂದ. ಹತ್ತು ವರ್ಷ ದೇವರ ಹೆಸರೆತ್ತದವನು, ಅಷ್ಟು ಹೊತ್ತು ಅವನೂ ನಂಬಿದ ಅಂತ ನನಗೆ ಈಗಲೂ ಅನ್ನಿಸುತ್ತದೆ. ಗ್ರೀಸು ಮೆತ್ತಿದ ಕೈ ಒರೆಸಲೂ ಇಲ್ಲ. ಯಾರದೋ ಸೈಕಲ್ಲಿನ ಬಾರ್ ಮೇಲೆ ನನ್ನನ್ನು ಕೂರಿಸಿಕೊಂಡು ತುಳಿದ. ಮನೆ ಮುಂದೆ ಬಂದವನು ಹೊಸ್ತಿಲ ಬಳಿ ಒಂದು ಗಳಿಗೆ ನಿಂತ. ಆಮೇಲೆ ಒಳಗೆ ಕಾಲಿಟ್ಟ.

ನಡುಮನೆಯಲ್ಲಿ ಜಯಮ್ಮ ನಿಂತಿದ್ದರು, ಏದುಸಿರು ಬಿಡುತ್ತಾ. "ಎಲ್ಲೋಗ್ಬುಟ್ಟಿದ್ದೆ ಮಗಾ? ನಿಮ್ಮಜ್ಜಿಗೆ ಎದೆ ನೋವು ಬಂದು ಬಿದ್ಬುಟ್ರು ಕಣವ್ವ. ಆಟೋದಲ್ಲಿ ನಾನೂ ನಿಮ್ ತಾತನೂ ಆಸ್ಪತ್ರೆಗೆ ಸೇರ್ಸುದ್ವಿ. ನೀನ್ ಬತ್ತೀಯ ಅಂತ ನಾನ್ ಓಡ್ ಬಂದೆ" ಅಂದರು. ಕರ್ತ ಬರಲಿಲ್ವಾ ಅಂತ ನಾನು ಕೇಳಿದೆ. ಅವರು ನನ್ನನ್ನು ಅಪ್ಪಿಕೊಂಡು, "ನನ್ ಕೇಳ್ದೆ ನಿಮ್ಮಜ್ಜಿನ ಯಾವ ದೇವ್ರೂ ಕರ್ಕೊಂಡೋಗಂಗಿಲ್ಲ, ಸುಮ್ಕಿರು" ಅಂದರು. ಚಿಕ್ಕಪ್ಪ ಗೋಡೆಯ ಬಟ್ಟೆಯ ಮುಂದೆ ನಿಂತು, ಆ ದಪ್ಪ ಮೂಲೆಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದ. ಅವನ ಗ್ರೀಸಿನ ಬೆರಳ ಗುರುತು ಅಲ್ಲಿ ಕಪ್ಪಗೆ ಕೂತಿತು.

ಆಸ್ಪತ್ರೆಯಲ್ಲಿ ತಾತ ಬರಿಗಾಲಲ್ಲಿ, ಬಣ್ಣದ ಕೈಯಲ್ಲಿ, ಮಂಚದ ಕಾಲ ಬಳಿ ನಿಂತಿದ್ದರು. ಮಗನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಅಜ್ಜಿ ಕಣ್ಣು ತೆರೆದಳು. "ಬಂದ್ಯಾ ಸ್ಯಾಮಿ? ಊಟ ಆಯ್ತಾ?" ಅಂದಳು, ಅವನು ಬೆಳಿಗ್ಗೆ ಹೋಗಿ ಸಂಜೆ ಬಂದವನೇನೋ ಅನ್ನುವ ಹಾಗೆ. ಅಷ್ಟು ದೊಡ್ಡ ಗಂಡಸು ಅವಳ ಕಾಲ ಮೇಲೆ ತಲೆಯಿಟ್ಟು ಅತ್ತುಬಿಟ್ಟ. ಆಮೇಲೆ ಅಜ್ಜಿ ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಹೇಳಿದಳು: "ಇನ್ಮೇಲೆ ನೀನು ಗಟ್ಟಿಯಾಗಿ ಆಮೆನ್ ಅನ್ಬೋದು ಕಣೇ." ಮೂರನೆಯ ದಿನ ಬೆಳಿಗ್ಗೆ ಹೋದಳು. ಜಯಮ್ಮ ಎದೆ ಬಡಿದುಕೊಂಡು ಅತ್ತ ಹಾಗೆ ನಮ್ಮವರು ಯಾರೂ ಅಳಲಿಲ್ಲ.

ಮಣ್ಣು ಮಾಡಿ ಬಂದ ಸಂಜೆ ಪ್ರಾರ್ಥನೆಯ ಕೊನೆಗೆ ತಾತ "ಕರ್ತನೇ" ಅಂದು ನಿಂತುಬಿಟ್ಟರು. ಬೇಗ ಬಾ ಅನ್ನಲು ಬಾಯಿ ಬರಲಿಲ್ಲ. ಚಿಕ್ಕಪ್ಪ ಚಾಪೆಗೆ ಬಂದಿರಲಿಲ್ಲ, ಹೊಸ್ತಿಲ ಮೇಲೆ ಬೀದಿಗೆ ಮುಖ ಮಾಡಿ ಕೂತಿದ್ದ. ಆ ಬೆನ್ನನ್ನೇ ನೋಡುತ್ತಾ ತಾತ, "ನಿನಗೆ ಸರಿ ಕಂಡಾಗ ಬಾ" ಅಂದರು. ಮಾರನೆಯ ದಿನ ಆ ಮೂಲೆಯ ವರ್ಷಕ್ಕೆ ಬಿಳಿ ಬಳಿದರು, ಚಿಕ್ಕಪ್ಪನ ಬೆರಳ ಗುರುತು ಮಾತ್ರ ಬಿಟ್ಟು. ಮತ್ತೆ ಯಾವ ವರ್ಷವನ್ನೂ ಬರೆಯಲಿಲ್ಲ. ಹಳದಿ ನೆಲದ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಬೋರ್ಡು ಬರೆಯಲು ಕೂತರು. 'ಸ್ಯಾಮಿ ಸೈಕಲ್ ಶಾಪ್.' ಹನ್ನೊಂದು ದಿನ ಹಿಡಿಯಿತು ಅದಕ್ಕೆ. ತಪ್ಪಾಯಿತು ಮಗನೇ ಅಂತ ಅವರು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಆ ಬೋರ್ಡನ್ನು ತಾವೇ ಹೆಗಲ ಮೇಲೆ ಹೊತ್ತು ಮೂರು ಬೀದಿ ನಡೆದದ್ದನ್ನು ನೋಡಿದ್ದೇನೆ.

ಚಿಕ್ಕಪ್ಪ ಮನೆಗೆ ಬಂದ, ಆದರೆ ಕೊನೆಯವರೆಗೂ ಪ್ರಾರ್ಥನೆಗೆ ಹೊಸ್ತಿಲು ದಾಟಿ ಒಳಗೆ ಕೂರಲಿಲ್ಲ. ಹಾಗಾಗಿ ಅಜ್ಜಿ ಬಿಡುಗಡೆ ಕೊಟ್ಟರೂ ನಾನು ಗಟ್ಟಿಯಾಗಿ ಆಮೆನ್ ಅನ್ನಲಿಲ್ಲ. ತಡಿ ಅನ್ನುವ ಅವಳ ಪಾಲಿನ ಮಾತನ್ನು ನಾನೇ ಮುಂದುವರಿಸಿದೆ. ತಾತ ಹೋದರು, ಜಯಮ್ಮ ಹೋದರು, ಅಪ್ಪ ಅಮ್ಮನೂ ಹೋದರು. ಮನೆ ಮಾರಿ, ಆ ಬಟ್ಟೆಯನ್ನೂ ಬೋರ್ಡನ್ನೂ ಕಟ್ಟಿಕೊಂಡು ನಾನೂ ಚಿಕ್ಕಪ್ಪನೂ ಸಿದ್ಧಾರ್ಥನಗರಕ್ಕೆ ಬಂದೆವು. ನಾನು ಮದುವೆಯಾಗಲಿಲ್ಲ, ಅವನೂ ಆಗಲಿಲ್ಲ. ಒಂಬತ್ತು ವರ್ಷದ ಹುಡುಗಿಯ ಮಾತು ಕೊನೆಗೂ ನಿಜವಾಯಿತು ನೋಡಿ, ನಾವಿಬ್ಬರೇ ಉಳಿದೆವು.

ಹೋದ ವರ್ಷ ಚಿಕ್ಕಪ್ಪ ಹಾಸಿಗೆ ಹಿಡಿದ. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ನನ್ನ ಕೈ ಹಿಡಿದು, "ದಿನಾ ನೀನು ಏನು ಗೊಣಗ್ತೀಯ ಅಂತ ನಂಗೊತ್ತು ಕಣೇ. ಹೊಸ್ತಿಲಿಗೆ ಎಲ್ಲಾ ಕೇಳ್ಸುತ್ತೆ. ನನಗೋಸ್ಕರ ಅವನನ್ನ ತಡೆದಿದ್ದು ಸಾಕು, ಬಿಡು. ಈ ಸಲ ನೀನೊಬ್ಳೇ ಉಳ್ಕೋತೀಯ. ಹೆದರ್ಕೋಬೇಡ" ಅಂದು ನಕ್ಕ. ಆ ವಾರವೇ ಹೋದ.

ಪೇಂಟರು ಸಾಯಂಕಾಲ ಬ್ರಷ್ ತೊಳೆದು ಹೊರಟ. ಮನೆ ತುಂಬ ಟರ್ಪೆಂಟೈನ್ ವಾಸನೆ, ಬಾಗಿಲಲ್ಲಿ ಒಂದೇ ಜೊತೆ ಚಪ್ಪಲಿ. ಇದ್ದಕ್ಕಿದ್ದ ಹಾಗೆ ಅಂದಿನ ಅದೇ ದಿಗಿಲು ಮತ್ತೆ ಹಿಡಿಯಿತು. ಈಗ ಓಡಿ ಹೋಗಿ ಯಾರಿಗೆ ಹೇಳಲಿ? ಚಿಕ್ಕಪ್ಪನ ಬೋರ್ಡು ಮನೆಯಲ್ಲಿದೆ, ಅದರ ಕೆಳಗೆ ಅಂಗಡಿ ಇಲ್ಲ. ಏಳು ಗಂಟೆಗೆ ಚಾಪೆ ಹಾಸಿದೆ. ಮೊಣಕಾಲು ಈಗ ಹೇಳಿದ ಮಾತು ಕೇಳುವುದಿಲ್ಲ, ಗೋಡೆ ಹಿಡಿದುಕೊಂಡು ಕೂತೆ. ಬಟ್ಟೆಯ ಮೂಲೆಯಲ್ಲಿ ಆ ಕಪ್ಪು ಬೆರಳ ಗುರುತನ್ನು ಸವರಿದೆ. ಹೊಸ್ತಿಲ ಕಡೆ ಒಂದು ಸಲ ತಿರುಗಿ ನೋಡಿದೆ. ಯಾರಿಗೋಸ್ಕರ ತಡಿ ಅನ್ನಲಿ, ಆಚೆ ಇನ್ನು ಯಾರೂ ಉಳಿದಿಲ್ಲ.

"ಕರ್ತನೇ, ಬೇಗ ಬಾ" ಅಂದೆ. ಆಮೆನ್ ಅನ್ನಲು ಪಕ್ಕದಲ್ಲಿ ಯಾರೂ ಇರಲಿಲ್ಲ. ನಾನೇ ಅಂದೆ, ಗಟ್ಟಿಯಾಗಿ.