ಬ್ಯಾಟರಿಯ ಮೇಲಿನ ವಿಭೂತಿ

ಗಾಡಿಯ ಗುಂಡಿ ಒತ್ತಿದಾಗ ಎಂಜಿನ್ ತಿರುಗದೆ ಬರೀ ‘ಟಕ್’ ಎಂದು ಒಂದು ಸದ್ದು ಬರುತ್ತದೆ. ಆ ಸದ್ದಿಗೆ ನಾನು ಹೆದರಿದಷ್ಟು ಬೇರೆ ಯಾವುದಕ್ಕೂ ಹೆದರಿಲ್ಲ. ಮೂವತ್ತೆರಡು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿದವಳು ನಾನು. ತಪಾಸಣೆಗೆ ಬಂದ ಸಾಹೇಬರಿಗೆ ಹೆದರಲಿಲ್ಲ, ಹಂಚಿನ ಸಂದಿಯಿಂದ ವರ್ಗದೊಳಗೆ ಬಿದ್ದ ಹಾವಿಗೂ ಹೆದರಲಿಲ್ಲ. ಹೆದರಿದ್ದು ಈ ಸದ್ದಿಗೆ ಮಾತ್ರ.

ಕಾರಣ ನಮ್ಮವರ ದಮ್ಮು. ನಿವೃತ್ತಿಯ ನಂತರ ನಾವಿಬ್ಬರೂ ಅವರ ಊರು ಸಿರಸಂಗಿಗೆ ಬಂದು ನೆಲೆಸಿದ್ದೆವು. ಎರಡು ಸಾವಿರದ ಇಸವಿ ದಾಟಿ ಮೂರು ನಾಲ್ಕು ವರ್ಷವಾಗಿತ್ತು. ಅವರಿಗೆ ದಮ್ಮು ಏರಿದರೆ ಮೊದಲು ಬಾಯಿಗೆ ಪಂಪು ಎಳೆದುಕೊಳ್ಳುತ್ತಿದ್ದರು. ಅದಕ್ಕೂ ಬಗ್ಗದಿದ್ದರೆ ಸವದತ್ತಿಗೆ ಹೋಗಬೇಕು, ಅಲ್ಲಿನ ಆಸ್ಪತ್ರೆಯಲ್ಲಿ ಮೂಗು ಬಾಯಿಗೆ ಮುಖವಾಡ ಕಟ್ಟಿ ಔಷಧದ ಹಬೆ ಕೊಡಿಸಬೇಕು. ಬಸ್ಸಿಗೆ ಅದರದೇ ವೇಳೆ, ದಮ್ಮಿಗೆ ಯಾವ ವೇಳೆಯೂ ಇಲ್ಲ. ಅದಕ್ಕೇ ಬೈಲಹೊಂಗಲಕ್ಕೆ ಹೋಗಿ ಒಂದು ಸಣ್ಣ ಸ್ಕೂಟರು ತಂದೆ. ನನ್ನ ಬಲ ಮೊಣಕಾಲು ಕೆಟ್ಟಿದ್ದರಿಂದ ಕಿಕ್ ಹೊಡೆಯಲು ಆಗುತ್ತಿರಲಿಲ್ಲ. ಗುಂಡಿ ಒತ್ತಿದರೆ ಚಾಲೂ ಆಗುವ ಗಾಡಿಯೇ ಬೇಕಾಗಿತ್ತು. ಐವತ್ತೊಂಬತ್ತನೆಯ ವಯಸ್ಸಿಗೆ ಗಾಡಿ ಕಲಿತು, ನಮ್ಮವರನ್ನು ಹಿಂದೆ ಕೂರಿಸಿಕೊಂಡು ಹೊರಟರೆ ಕಟ್ಟೆಯ ಮೇಲಿನ ಗಂಡಸರು ಮಾತು ನಿಲ್ಲಿಸಿ ನೋಡುತ್ತಿದ್ದರು. “ನೋಡ್ಲಿ ಬಿಡು, ದುಡ್ಡೇನ ಕೇಳತಾರ?” ಎನ್ನುತ್ತಿದ್ದರು ನಮ್ಮವರು.

ಒಂದು ಮಳೆಗಾಲ ಸವದತ್ತಿಯ ಸಂತೆಯಲ್ಲಿ ಗಾಡಿ ಮೊದಲ ಸಲ ‘ಟಕ್’ ಎಂದಿತು. ಯಾರೋ ಒಬ್ಬರು ಮುಂದೆ ಬಂದು ಕಿಕ್ ಹೊಡೆದರು. ಕಿಕ್ಕಿನ ಹಲ್ಲು ಸವೆದು ಅದು ಸುಮ್ಮನೆ ಜಾರಿ ತಿರುಗಿತು. ಅದನ್ನು ಅಂದೇ ರಿಪೇರಿ ಮಾಡಿಸಬೇಕಾಗಿತ್ತು. ಹೇಗೂ ನನಗೆ ಕಿಕ್ ಹೊಡೆಯಲು ಬಾರದು, ಯಾಕೆ ಬೇಕು ಎಂದು ಬಿಟ್ಟೆ. ಹೊಸ ಬ್ಯಾಟರಿ ಮಾತ್ರ ಹಾಕಿಸಿದೆ. ಅಂಗಡಿಯವನು, “ವಾರಕ್ಕೊಮ್ಮೆ ಸೀಟ ಎತ್ತಿ ಬ್ಯಾಟರಿ ನೋಡ್ಕೋರಿ. ನೀರು ಕಡಿಮಿ ಆದ್ರ ಹಾಕ್ರಿ,” ಎಂದ.

ವಾರಕ್ಕೊಮ್ಮೆ ಎಂದರೆ ನನಗೆ ಸೋಮವಾರ. ಸೋಮವಾರ ನಸುಕಿನಲ್ಲಿ ಸ್ನಾನ, ಲಿಂಗಪೂಜೆ ಮುಗಿಸಿ, ಅದೇ ಮಡಿಯಲ್ಲಿ ಗಾಡಿ ಒರೆಸಿ, ಸೀಟು ಎತ್ತಿ ಬ್ಯಾಟರಿಯ ನೀರಿನ ಗೆರೆ ನೋಡುತ್ತಿದ್ದೆ. ಬೆರಳಲ್ಲಿ ವಿಭೂತಿ ಉಳಿದಿರುತ್ತಿತ್ತು. ನಮ್ಮ ಮನೆಯಲ್ಲಿ ಬೀಸುವ ಕಲ್ಲಿಗೂ ಹೊಲಿಗೆ ಯಂತ್ರಕ್ಕೂ ಮೂರು ಗೆರೆ ಎಳೆಯುವ ರೂಢಿ. ಜೀವ ಕಾಯುವ ಬ್ಯಾಟರಿಗೆ ಯಾಕೆ ಬೇಡ? ಅದರ ಪೆಟ್ಟಿಗೆಗೂ ಎಳೆದೆ, ವೈರು ಕೂಡುವ ಎರಡು ತುದಿಗಳಿಗೂ ಒಂದೊಂದು ಚಿಟಿಕೆ ಹಚ್ಚಿದೆ. ಇಷ್ಟು ಸಾಲದೆಂಬಂತೆ ದಿನಾಲು ಬೆಳಿಗ್ಗೆ ಐದೂವರೆಗೆ ಹಾರ್ನು, ದೀಪ ನೋಡಿ, ಮೂರು ಸಲ ಗುಂಡಿ ಒತ್ತಿ ಗಾಡಿ ಚಾಲೂ ಮಾಡಿ ಬಂದ್ ಮಾಡುತ್ತಿದ್ದೆ. ಮೂರನೆಯ ಸಲವೂ ಚಾಲೂ ಆದರೆ ಮಾತ್ರ ಚಹಾಕ್ಕೆ ನೀರು ಇಡುತ್ತಿದ್ದೆ.

ಮಹಾನವಮಿ ಬಂತು. ದಸರೆಗೆ ಮುಂಚೆ ಮನೆಯ ಹಾಸಿಗೆ, ಕೌದಿ ಎಲ್ಲ ಒಗೆದು, ಜಂತಿ ಬಡಿದು, ಗೋಡೆಗೆ ಸುಣ್ಣ ಬಳಿಯಬೇಕು. ನಾನು ಆ ಕೆಲಸವನ್ನು ಎಂಟು ದಿನಕ್ಕೆ ಹಂಚಿ ಮಾಡಿಸಿದೆ. ಧೂಳು ಏಳುವಾಗ ನಮ್ಮವರನ್ನು ಹಿತ್ತಲಲ್ಲಿ ಕೂರಿಸಿದ್ದೆ. ಆದರೂ ಆಯುಧಗಳಿಗೆ ಪೂಜೆ ಮಾಡುವ ಖಂಡೇಪೂಜೆಯ ದಿನ ಮಧ್ಯಾಹ್ನ ಊಟಕ್ಕೆ ಕುಳಿತವರು ಹೋಳಿಗೆ ಮುರಿದ ಕೈಯನ್ನು ಹಾಗೇ ತಾಟಿನ ಮೇಲೆ ಊರಿ ಉಣ್ಣುವುದನ್ನು ನಿಲ್ಲಿಸಿಬಿಟ್ಟರು. ಎದೆಯಿಂದ ಸಣ್ಣ ಸೀಟಿ ಶುರುವಾಗಿತ್ತು. ಪಂಪು ಎಳೆದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಳೆದರು. ಸೀಟಿ ಇಳಿಯಲಿಲ್ಲ. ತುಟಿಯ ಬಣ್ಣ ಬದಲಾಗುವುದನ್ನು ನಾನು ಕಂಡೆ.

ಗಾಡಿ ಅಂಗಳದಲ್ಲಿತ್ತು. ಬೆಳಿಗ್ಗೆಯೇ ಕೊಡ ಕೊಡ ನೀರು ಹಾಕಿ ತೊಳೆದು, ಚೆಂಡು ಹೂವಿನ ಮಾಲೆ ಹಾಕಿ, ಸೀಟು ಎತ್ತಿ ಬ್ಯಾಟರಿಗೂ ಹಬ್ಬಕ್ಕೆಂದು ನೀರಲ್ಲಿ ಕಲಸಿದ ವಿಭೂತಿಯನ್ನು ದಪ್ಪಗೆ ಹಚ್ಚಿ ಪೂಜೆ ಮಾಡಿದ್ದೆ. ನಮ್ಮವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಗುಂಡಿ ಒತ್ತಿದೆ.

ಟಕ್.

ಕೈ ತೆಗೆದು ಹತ್ತು ಎಣಿಸಿ ಮತ್ತೆ ಒತ್ತಿದೆ. ಟಕ್. ಹಾರ್ನು ಒತ್ತಿದರೆ ಮುದಿ ಬೆಕ್ಕಿನ ದನಿ. ಎರಡು ಗಂಟೆಯ ಬಸ್ಸು ಹೋಗಿತ್ತು, ಮುಂದಿನದು ಐದಕ್ಕೆ. ಎದುರು ಮನೆಯ ಜೀಪು ಪೂಜೆ ಮುಗಿಸಿಕೊಂಡು ರಾಮದುರ್ಗಕ್ಕೆ ಹೋಗಿತ್ತು. ಕಿಕ್ ತುಳಿಯಲೆಂದು ಹಾದಿಯಲ್ಲಿ ಹೋಗುವವರನ್ನು ಕರೆಯೋಣವೆಂದರೆ ಅದರ ಹಲ್ಲು ಸವೆದು ವರ್ಷವಾಗಿತ್ತು. ದೂಡಿ ಚಾಲೂ ಮಾಡೋಣವೆಂದರೆ ಗೇರು ಇಲ್ಲದ ಗಾಡಿ ದೂಡಿದರೆ ಚಾಲೂ ಆಗುವುದಿಲ್ಲ. ಎಲ್ಲ ಬಾಗಿಲುಗಳನ್ನೂ ನಾನೇ ಒಂದೊಂದಾಗಿ ಹಾಕಿಕೊಂಡು ಬಂದಂತಿತ್ತು.

ನಮ್ಮವರು ಗಾಡಿಯ ಮೇಲಿಂದಲೇ ನನ್ನ ಸೆರಗು ಜಗ್ಗಿ, “ಗಡಿಬಿಡಿ... ಮಾಡಬ್ಯಾಡ,” ಎಂದರು. ಎರಡು ಪದದ ನಡುವೆ ಅವರು ತೆಗೆದುಕೊಂಡ ಉಸಿರನ್ನು ನಾನು ಎಣಿಸಿದೆ. ನಾಲ್ಕು.

ಮೂರು ಮನೆ ಆಚೆ ಕಮ್ಮಾರರ ಮನೆ. ಆ ಮನೆಯವನು ಕುಲುಮೆ ಬಿಟ್ಟು ಗಾಡಿ ರಿಪೇರಿ ಹಿಡಿದಿದ್ದ. ಹುಡುಗನಿದ್ದಾಗ ಸೋದರಮಾವನ ಊರಲ್ಲಿದ್ದು ನನ್ನ ವರ್ಗದಲ್ಲಿ ಕಲಿತವನೇ. ನಮ್ಮವರನ್ನು ಇಳಿಸದೆ, ಗಾಡಿಯನ್ನೇ ಅವರ ಸಮೇತ ದೂಡಿಕೊಂಡು ಹೊರಟೆ. ಮೊಣಕಾಲಿನ ನೋವು ಆ ಹೊತ್ತು ನೆನಪಿಗೇ ಬರಲಿಲ್ಲ. ಸೀಟಿ ಮಾತ್ರ ಬೆನ್ನಿಗೆ ಕೇಳುತ್ತಿತ್ತು. ಅದು ನಿಂತರೆ ಏನು ಮಾಡುವುದು ಎಂಬ ಭಯ, ನಿಲ್ಲದಿದ್ದರೂ ಭಯ.

ಉಣ್ಣುತ್ತಿದ್ದವನು ಕೈ ತೊಳೆಯದೆ ಹೊರಗೆ ಬಂದ. ಸೊಂಟ ಬಗ್ಗಿದ ಅವನ ತಾಯಿಯೂ ಬಾಗಿಲಿಗೆ ಬಂದು ನಿಂತಳು. ಅವನು ನಮ್ಮವರನ್ನು ಕಟ್ಟೆಯ ಮೇಲೆ ಕೂರಿಸಿ, ಸೀಟು ಎತ್ತಿ ನೋಡಿದ.

“ಅಕ್ಕೋರ, ಬ್ಯಾಟರಿಗೆ ಲಿಂಗದೀಕ್ಷಾ ಕೊಟ್ಟೀರೇನ್ರಿ?”

“ಹಬ್ಬದ ವಿಭೂತಿ ಅದು. ಲಗೂ ನೋಡಪಾ.”

“ಮ್ಯಾಲಿಂದು ವಿಭೂತಿ ಖರೆ. ಅದರ ಕೆಳಗ ಬೆಳ್ಳಗ ಗಟ್ಟಿ ಕಟ್ಟೇತಲ್ರಿ, ಇದು ವಿಭೂತಿ ಅಲ್ಲ. ಆಸಿಡ್ ಉಬ್ಬಿ ಹತ್ತಿದ್ದು. ಎಷ್ಟ ದಿನಾ ಆತು ಹಿಂಗಾಗಿ?”

ಎಷ್ಟು ದಿನವೆಂದು ನನಗೆ ಗೊತ್ತಿತ್ತು. ಶ್ರಾವಣದಿಂದಲೂ ಆ ಬಿಳಿ ಗಟ್ಟಿಯನ್ನು ಸೋಮವಾರ ಸೋಮವಾರ ನೋಡಿದ್ದೆ. ನಾನೇ ಹಚ್ಚಿದ ವಿಭೂತಿ ಒಣಗಿ ಕೂತಿದೆ ಎಂದುಕೊಂಡಿದ್ದೆ. ಹಚ್ಚಿದ ವಿಭೂತಿಯನ್ನು ಒರೆಸಿ ತೆಗೆಯುವುದು ನಮ್ಮಲ್ಲಿ ಇಲ್ಲ. ಹಾಗಾಗಿ ಅದರ ಸುತ್ತ ಒರೆಸಿ, ಅದನ್ನು ಜೋಪಾನವಾಗಿ ಬಿಟ್ಟು, ಮೇಲೆ ಇನ್ನೊಂದು ಚಿಟಿಕೆ ಹಚ್ಚುತ್ತಿದ್ದೆ. ಇದನ್ನು ಅವನಿಗೆ ಹೇಳಲಿಲ್ಲ. “ಎರಡು ತಿಂಗಳು,” ಎಂದೆ.

“ಕರೆಂಟ್ ಹಾಯೋದರ ಎಲ್ಲಿಂದ್ರಿ? ಬಿಚ್ಚಿ ತಿಕ್ಕಬೇಕು.” ಅವನು ಎದ್ದವನು ಅಲ್ಲೇ ನಿಂತ. ಅವನ ಮುಖ ನೋಡಿ ನನಗೂ ನೆನಪಾಯಿತು.

ಒಳಗೆ ಕಾಳಮ್ಮನ ಪಟದ ಮುಂದೆ ಅವನ ಬೋಲ್ಟು ಬಿಚ್ಚುವ ಪಾನಾ, ಇಕ್ಕಳ, ಸುತ್ತಿಗೆ, ಅಜ್ಜನ ಕಾಲದ ಅಡಿಗಲ್ಲು ಎಲ್ಲವನ್ನೂ ಸಾಲಾಗಿ ಇಟ್ಟು ಕುಂಕುಮ, ಹೂ ಏರಿಸಿ ಪೂಜೆಯಾಗಿತ್ತು. ಖಂಡೇಪೂಜೆಗೆ ಕೂತ ಹತಾರವನ್ನು ಮರುದಿನ ಬನ್ನಿ ಮುಡಿಯುವ ತನಕ ಮುಟ್ಟುವಂತಿಲ್ಲ. ಬೇರೆಯವರ ಮನೆಯಲ್ಲಿ ಒಂದಿಷ್ಟು ಆಚೆ ಈಚೆ ನಡೆದೀತು. ಕಮ್ಮಾರರ ಮನೆಯಲ್ಲಿ ನಡೆಯುವುದಿಲ್ಲ. ನನ್ನ ಗಾಡಿಯ ಸಾಮಾನಿನ ಚೀಲವೂ ನಮ್ಮ ದೇವರ ಜಗುಲಿಯ ಮೇಲೆ ಕುಂಕುಮ ಹಚ್ಚಿಕೊಂಡು ಕೂತಿತ್ತು. ಆ ಹೊತ್ತಿನಲ್ಲಿ ಊರಿನ ಕಬ್ಬಿಣವೆಲ್ಲ ದೇವರಾಗಿಬಿಟ್ಟಿತ್ತು.

ತಾಯಿ ಬಾಗಿಲಿಂದಲೇ ಹೇಳಿದಳು, “ಒಳಗ ಕಾಲಿಡಬ್ಯಾಡ. ನಿಮ್ಮಪ್ಪ ಮುಟ್ಟಿಲ್ಲ, ನಿಮ್ಮಜ್ಜ ಮುಟ್ಟಿಲ್ಲ.”

“ನಾ ಎಲ್ಲಿ ಮುಟ್ಟತೇನಿ ಅಂದೆ ಯವ್ವಾ? ರೂಪಾಯಿ ಬಿಲ್ಲೆ ಐತಿ.”

ಅವನು ಬಿಲ್ಲೆಯನ್ನು ಬೋಲ್ಟಿನ ಸೀಳಿನಲ್ಲಿಟ್ಟು ತಿರುಗಿಸಿದ. ಮೊದಲನೆಯದು ಜರುಗಿತು. ಎರಡನೆಯದಕ್ಕೆ ಆ ಗಟ್ಟಿಯೇ ಬೆಸುಗೆಯಂತೆ ಹತ್ತಿತ್ತು. ಬಿಲ್ಲೆ ಜಾರಿ ಅವನ ಬೆರಳು ಸೀಳಿತು. ಬೆರಳನ್ನು ಬಾಯಲ್ಲಿಟ್ಟುಕೊಂಡು ನನ್ನ ಕಡೆ ನೋಡಿದ. ನಾನು ನಮ್ಮವರ ಕಡೆ ನೋಡಿದೆ. ಎರಡೂ ಕೈ ತೊಡೆಗೆ ಊರಿ, ಭುಜ ಎತ್ತಿ ಎತ್ತಿ ಉಸಿರು ಎಳೆಯುತ್ತಿದ್ದರು. ಕಣ್ಣು ನೆಲದ ಒಂದೇ ಜಾಗದಲ್ಲಿತ್ತು. ಮಾತಾಡುವುದನ್ನು ಬಿಟ್ಟಿದ್ದರು. ಪ್ರಾರ್ಥನೆ ಮಾಡಬೇಕೆಂದರೆ ಒಂದು ಸಾಲೂ ನೆನಪಿಗೆ ಬರಲಿಲ್ಲ. ಐದರ ಮಗ್ಗಿ ಹೇಳಿಕೊಳ್ಳುತ್ತಿದ್ದೆ ಎಂಬುದು ಆಮೇಲೆ ತಿಳಿಯಿತು.

ಮುದುಕಿ ಕಟ್ಟೆಗೆ ಬಂದು ನಮ್ಮವರ ಬೆನ್ನಿಗೆ ಕಿವಿ ಹತ್ತಿರ ತಂದಳು.

“ತಿದಿ ಹರದಾಗ ಹಿಂಗ ಸಪ್ಪಳಾ ಬರತಿತ್ತು,” ಎಂದಳು. ನಲವತ್ತು ವರ್ಷ ಕುಲುಮೆಯಲ್ಲಿ ತಿದಿ ಊದಿದವಳು ಅವಳು. “ಎಷ್ಟ ಒತ್ತಿದ್ರೂ ಗಾಳಿ ಬೆಂಕಿಗೆ ಹೋಗೂದಿಲ್ಲ.”

ಅಷ್ಟು ಹೇಳಿ ಒಳಗೆ ಹೋದಳು. ಹೊರಗೆ ಬರುವಾಗ ಸೆರಗಿನಲ್ಲಿ ಪಾನಾ ಇತ್ತು, ಅದರ ಮೇಲಿನ ಹೂವನ್ನೂ ತೆಗೆದಿರಲಿಲ್ಲ.

“ಯವ್ವಾ, ನಾಳಿಗಿ ಯಾರಾರ ಕೇಳಿದ್ರ?”

“ಯಾರ ಕೇಳತಾರ? ಕಾಳಮ್ಮ ಕೇಳಿದ್ರ ನನ್ನ ಕೇಳತಾಳ. ನಾನೂ ಅಕಿನ್ನ ಕೇಳೋದು ಭಾಳ ಐತಿ. ನೀ ಬಿಚ್ಚ.”

ಅವನು ಪಾನಾವನ್ನು ಹಣೆಗೆ ಮುಟ್ಟಿಸಿಕೊಂಡು ಬೋಲ್ಟಿಗೆ ಹಾಕಿದ. ಒಂದೇ ಏಟಿಗೆ ಬಂತು. ಮುದುಕಿ ಕಾಯಿಸಿದ ನೀರಿಗೆ ಸೋಡಾಪುಡಿ ಹಾಕಿ ತಂದಳು. ಅವನು ಪೂಜೆಗೆ ಒಡೆದ ತೆಂಗಿನಕಾಯಿಯ ನಾರಿನಿಂದ ಎರಡೂ ತುದಿ ತಿಕ್ಕಿದ. ಬಿಳಿಯದು ನೊರೆಯಾಗಿ ಉಕ್ಕಿ ಇಳಿಯಿತು, ನನ್ನ ವಿಭೂತಿಯೂ ಅದರ ಜೊತೆಗೇ ಹೋಯಿತು. ಕೆಳಗಿನ ಸೀಸ ಹೊಳೆಯಿತು. ಒರೆಸಿ, ವೈರು ಕೂಡಿಸಿ, ಬಿಗಿದ.

“ದಿನಾ ಎಷ್ಟ ಸಲ ಒತ್ತತೀರಿ ಅಕ್ಕೋರ?”

“ಮೂರು. ಪರೀಕ್ಷೆಗೆ.”

“ಪರೀಕ್ಷಾ ಮಾಡಿ ಮಾಡಿನ ಅರ್ಧಾ ಜೀವಾ ತಗದೀರಿ. ಗಾಡಿ ಓಡದಿದ್ರ ಬ್ಯಾಟರಿ ತುಂಬೂದಿಲ್ಲ. ಈಗ ಒಂದ ಸಲಕ್ಕ ಇರಬಹುದು. ಎರಡನೇದಕ್ಕ ನಾ ಖಾತ್ರಿ ಕೊಡಂಗಿಲ್ಲ. ದೀಪ ಹಚ್ಚಬ್ಯಾಡ್ರಿ, ಹಾರ್ನ್ ಒತ್ತಬ್ಯಾಡ್ರಿ.”

“ನೀನ ಒತ್ತಪಾ.”

“ನನ್ನ ಬೆರಳಿಗೆ ರಕ್ತ ಐತಿ. ನೀವ ಒತ್ರಿ.”

ಬೆರಳು ಗುಂಡಿಯ ಮೇಲಿತ್ತು. ಒತ್ತುವ ತನಕ ಗಾಡಿ ಚಾಲೂ ಆಗಬಹುದು ಎಂಬ ಮಾತು ಉಳಿದಿರುತ್ತದೆ, ಒತ್ತಿದರೆ ಅದೂ ಹೋಗಬಹುದು. ಒತ್ತುವುದಕ್ಕೇ ಹೆದರಿಕೆಯಾಯಿತು. ಬೆನ್ನ ಹಿಂದೆ ಸೀಟಿ ಒಮ್ಮೆ ತುಂಡಾಗಿ ಮತ್ತೆ ಹತ್ತಿಕೊಂಡಿತು. ಒತ್ತಿದೆ.

ಸ್ಟಾರ್ಟರು ಉಬ್ಬಸ ಬಂದವರ ಹಾಗೆ ಎಳೆದು ಎಳೆದು ಒಂದು ಸುತ್ತು ತಿರುಗಿತು. ಎರಡನೆಯ ಸುತ್ತಿಗೆ ಎಂಜಿನ್ ಹಿಡಿಯಿತು.

“ಸವದತ್ತಿ ಮುಟ್ಟೂತನಕ ಬಂದ್ ಮಾಡಬ್ಯಾಡ್ರಿ,” ಎಂದು ಅವನು ನಮ್ಮವರನ್ನು ಎತ್ತಿ ಹಿಂದೆ ಕೂರಿಸಿದ. ಮುದುಕಿ ತನ್ನ ಹಳೆಯ ಸೀರೆಯೊಂದನ್ನು ತಂದು ಅವರನ್ನು ನನ್ನ ಸೊಂಟಕ್ಕೆ ಸೇರಿಸಿ ಗಂಟು ಹಾಕಿದಳು.

ಆ ಹಾದಿಯ ಬಗ್ಗೆ ಹೆಚ್ಚು ಬರೆಯಲಾರೆ. ಬೀಳುತ್ತಾರೆಂಬ ಭಯಕ್ಕೆ ಜೋರಾಗಿ ಹೋಗುವಂತಿರಲಿಲ್ಲ, ತಡವಾಗುತ್ತದೆಂಬ ಭಯಕ್ಕೆ ಸಾವಕಾಶ ಹೋಗುವಂತಿರಲಿಲ್ಲ. ತಗ್ಗಿನಲ್ಲಿ ಕುರಿ ಹಿಂಡು ಅಡ್ಡ ಬಂದಾಗ ಹಾರ್ನು ಒತ್ತದೆ, ಎಂಜಿನ್ನು ಬಂದ್ ಆಗದಂತೆ ಆಕ್ಸಲರೇಟರ್ ತಿರುವುತ್ತ ನಿಂತೆ. ಕುರುಬ ಅಜ್ಜ ನಮ್ಮ ಗಂಟು ನೋಡಿ ಏನೂ ಕೇಳದೆ ಕೋಲು ಅಡ್ಡ ಹಿಡಿದು ದಾರಿ ಬಿಡಿಸಿದ. ನಮ್ಮವರ ಗದ್ದ ನನ್ನ ಹೆಗಲಿಗೆ ಒರಗಿತ್ತು. ಅದು ಏರಿ ಇಳಿಯುತ್ತಿರುವ ತನಕ ಸರಿ ಎಂದುಕೊಂಡೆ.

ಆಸ್ಪತ್ರೆಯ ಅಂಗಳದಲ್ಲಿ ಗಂಟು ಬಿಚ್ಚಿದರು, ಒಳಗೆ ಒಯ್ದರು, ಮುಖವಾಡ ಕಟ್ಟಿದರು. ನಾನು ಗಾಡಿ ಬಂದ್ ಮಾಡಲಿಲ್ಲ. ದೊಡ್ಡಾಸ್ಪತ್ರೆಗೆ ಒಯ್ಯಿರಿ ಎಂದರೆ? ಕೀಲಿ ತಿರುಗಿಸಿದರೆ ಮತ್ತೆ ಹತ್ತದಿದ್ದರೆ? ಬಾಗಿಲಲ್ಲಿ ನಿಂತು ಒಂದು ಕಿವಿಯನ್ನು ಒಳಗಿನ ಉಸಿರಿಗೆ, ಇನ್ನೊಂದನ್ನು ಹೊರಗಿನ ಎಂಜಿನ್ನಿಗೆ ಕೊಟ್ಟಿದ್ದೆ. ಕಾವಲಿನವನು ಬಂದು ಬೈದ.

“ಅಮ್ಮಾರ, ಹೊಗಿ ಒಳಗ ಬರಾಕ ಹತ್ತೇತಿ. ದಮ್ಮಿನ ಪೇಶಂಟ್ ತಂದು ಹೊಗಿ ಕುಡಸ್ತೀರೇನ್ರಿ?”

ಅವನ ಮಾತು ಸರಿಯಾಗಿತ್ತು. ಗಾಡಿಯನ್ನು ಚಾಲೂ ಇಟ್ಟೇ ಗೇಟಿನ ಹೊರಗೆ ದೂಡಿ ಬಂದೆ. ಪೆಟ್ರೋಲು ತೀರಿದರೆ ಎಂಬ ಹೊಸ ಭಯ ಅಲ್ಲಿ ಶುರುವಾಯಿತು.

ಎರಡನೆಯ ಸಲ ಔಷಧ ಹಾಕಿದ ಮೇಲೆ ಸೀಟಿ ತೆಳ್ಳಗಾಯಿತು. ಡಾಕ್ಟರು ಬೆನ್ನಿಗೆ ಕೊಳವೆ ಇಟ್ಟು ಕೇಳಿ, “ಇಲ್ಲೇ ಇರ್ಲಿ, ಮುಂದ ಒಯ್ಯೂದು ಬ್ಯಾಡ,” ಎಂದರು. ನಮ್ಮವರು ಮುಖವಾಡ ಸರಿಸಿ ನನ್ನ ಕಡೆ ತಿರುಗಿದರು.

“ಹೋಳಿಗಿ ಮುಚ್ಚಿಟ್ಟ ಬಂದಿಯಿಲ್ಲೊ?” ಎಂದು ಕೇಳಿದರು. ಇಡೀ ಮಾತನ್ನು ಒಂದೇ ಉಸಿರಿನಲ್ಲಿ.

ಹೊರಗೆ ಹೋದೆ. ಗಾಡಿ ಇನ್ನೂ ಗುರುಗುಡುತ್ತಿತ್ತು, ಮಾಲೆಯ ಚೆಂಡು ಹೂ ಒಂದೊಂದಾಗಿ ಉದುರಿತ್ತು. ಕೀಲಿ ತಿರುಗಿಸಿ ಬಂದ್ ಮಾಡಿದೆ. ಮತ್ತೆ ಹತ್ತುತ್ತದೆಯೋ ಎಂದು ಗುಂಡಿ ಒತ್ತಿ ನೋಡಲಿಲ್ಲ.